ಪೆಪ್ಟೈಡಿನ ಪಿಐ: ನನಗೆ 6.56, ಪುಸ್ತಕಕ್ಕೆ 7.85, ಕ್ಯಾಲ್ಕುಲೇಟರಿಗೆ 7.0. ಯಾವುದು ಸರಿ?

ಅಲನಿನ್–ಲೈಸಿನ್–ಗ್ಲುಟಾಮಿಕ್ ಆಮ್ಲ–ಹಿಸ್ಟಿಡಿನ್–ಗ್ಲೈಸಿನ್ ಎಂಬ ಪೆಪ್ಟೈಡಿನ (ಅಮೈನೋ ಆಮ್ಲಗಳ ಸರಪಳಿಯ) ಸಮವಿದ್ಯುತ್ ಬಿಂದು, ಅಂದರೆ ಒಟ್ಟು ವಿದ್ಯುದಾವೇಶ ಸೊನ್ನೆಯಾಗುವ ಪಿಎಚ್ ಆದ ಪಿಐ, ನಿಮ್ಮ ಲೆಕ್ಕದಲ್ಲಿ 6.56 ಬಂದಿದೆ, ಪುಸ್ತಕದ ಉತ್ತರ 7.85, ಕಂಪ್ಯೂಟರಿನ ಕ್ಯಾಲ್ಕುಲೇಟರ್ 7.0 ಎನ್ನುತ್ತಿದೆ. ನಿಮ್ಮ ಉತ್ತರ ತಪ್ಪು. ಉಳಿದ ಎರಡೂ ತಮ್ಮ ತಮ್ಮ ಕೋಷ್ಟಕದ ಮಟ್ಟಿಗೆ ಸರಿಯಾಗಿವೆ, ಮತ್ತು ನಿಮ್ಮ ಪ್ರಶ್ನೆಯ ನಿಜವಾದ ತಿರುಳು ಇರುವುದು ಆ ಎರಡರ ನಡುವಿನ ಅಂತರದಲ್ಲಿ.

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ ಎಂದು ಬರೆದಿದ್ದೀರಿ. ನಾನೂ ಕಾಸರಗೋಡಿನ ಬದಿಯಡ್ಕದ ಕಡೆಯವನೇ. ಪಠ್ಯಪುಸ್ತಕದ ಪದ ‘ವಿದ್ಯುದಾವೇಶ’. ಆದರೆ ಆವೇಶ ಎಂದೊಡನೆ ನಮ್ಮ ಊರಿನವರಿಗೆ ಭೂತದ ಕೋಲವೇ ಕಣ್ಣ ಮುಂದೆ ಬರುವುದರಿಂದ, ಇಲ್ಲಿ ಚಾರ್ಜ್ ಎಂದೇ ಬರೆಯುತ್ತೇನೆ.

ಒಂದು ಗುಂಪಿನ ಪಿಕೆಎ ಎಂದರೆ ಅದು ಅರ್ಧದಷ್ಟು ಅಣುಗಳಲ್ಲಿ ಪ್ರೋಟಾನ್ ಬಿಟ್ಟಿರುವ ಪಿಎಚ್. ನೀವು 2.34 (ಕೊನೆಯ ಕಾರ್ಬಾಕ್ಸಿಲ್), 4.25 (ಗ್ಲುಟಾಮಿಕ್ ಆಮ್ಲ), 6.00 (ಹಿಸ್ಟಿಡಿನ್), 9.69 (ಆರಂಭದ ಅಮೈನೋ ಗುಂಪು), 10.53 (ಲೈಸಿನ್) ಎಂಬ ಐದು ಪಿಕೆಎಗಳನ್ನು ಕೂಡಿಸಿ ಐದರಿಂದ ಭಾಗಿಸಿದ್ದೀರಿ. ಸರಾಸರಿ ತೆಗೆಯಬೇಕೆಂಬುದು ನಿಜ, ಆದರೆ ಐದರದ್ದಲ್ಲ. ಒಟ್ಟು ಚಾರ್ಜ್ ಸೊನ್ನೆಯಾಗುವ ಪಿಎಚ್ ಹರವಿನ ಎಡಕ್ಕೊಂದು, ಬಲಕ್ಕೊಂದು ಇರುವ ಎರಡರದ್ದು ಮಾತ್ರ. ಅತ್ಯಂತ ಆಮ್ಲೀಯ ದ್ರಾವಣದಿಂದ ಎಣಿಕೆ ಆರಂಭಿಸಿ. ಅಲ್ಲಿ ಎಲ್ಲ ಗುಂಪುಗಳೂ ಪ್ರೋಟಾನನ್ನು ಹಿಡಿದುಕೊಂಡಿರುತ್ತವೆ. ಆರಂಭದ ಅಮೈನೋ ಗುಂಪು, ಲೈಸಿನ್, ಹಿಸ್ಟಿಡಿನ್ ಮೂರಕ್ಕೂ ಒಂದೊಂದು ಧನ ಚಾರ್ಜ್ ಇದ್ದು, ಎರಡು ಕಾರ್ಬಾಕ್ಸಿಲ್‌ಗಳಿಗೆ ಏನೂ ಇಲ್ಲದಿರುವುದರಿಂದ ಒಟ್ಟು +3. ಪಿಎಚ್ ಏರುತ್ತ ಒಂದೊಂದು ಪಿಕೆಎಯನ್ನು ದಾಟಿದಾಗಲೂ ಒಂದು ಪ್ರೋಟಾನ್ ಹೋಗುತ್ತದೆ, ಚಾರ್ಜ್ ಒಂದು ಇಳಿಯುತ್ತದೆ: 2.34 ದಾಟಿದರೆ +2, 4.25 ದಾಟಿದರೆ +1, 6.00 ದಾಟಿದರೆ 0, 9.69 ದಾಟಿದರೆ −1. ಸೊನ್ನೆ ಇರುವುದು 6.00 ಮತ್ತು 9.69ರ ನಡುವೆ, ಅವುಗಳ ಸರಾಸರಿ 7.85. ಪುಸ್ತಕ ಮಾಡಿರುವುದು ಇಷ್ಟೇ.

ಹಾಗಾದರೆ 7.0 ಎಲ್ಲಿಂದ ಬಂತು? ಪುಸ್ತಕದ 2.34 ಮತ್ತು 9.69 ಬಿಡಿ ಅಮೈನೋ ಆಮ್ಲಗಳ ಬೆಲೆಗಳು. ಬಿಡಿ ಗ್ಲೈಸಿನ್‌ನಲ್ಲಿ ಕಾರ್ಬಾಕ್ಸಿಲಿನ ಪಕ್ಕದಲ್ಲೇ ಧನ ಚಾರ್ಜಿನ ಅಮೋನಿಯಂ ಗುಂಪು ಇದ್ದು, ಪ್ರೋಟಾನ್ ಬಿಟ್ಟ ಮೇಲೆ ಉಳಿಯುವ ಋಣ ಚಾರ್ಜಿಗೆ ಆಸರೆಯಾಗುತ್ತದೆ. ಆದ್ದರಿಂದಲೇ ಅಸಿಟಿಕ್ ಆಮ್ಲದ ಪಿಕೆಎ 4.76 ಇದ್ದರೆ ಗ್ಲೈಸಿನಿನದು 2.34. ಪೆಪ್ಟೈಡಿನಲ್ಲಿ ಆ ಎರಡು ತುದಿಗಳು ದೂರವಾಗುತ್ತವೆ, ಆಸರೆ ತಗ್ಗುತ್ತದೆ, ಪಿಕೆಎ ಏರುತ್ತದೆ. ಇನ್ನೊಂದು ತುದಿಯಲ್ಲಿ ಅಮೈನೋ ಗುಂಪಿನ ನೆರೆಯ ಋಣ ಕಾರ್ಬಾಕ್ಸಿಲೇಟ್ ಇದ್ದ ಜಾಗಕ್ಕೆ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆಯುವ ಪೆಪ್ಟೈಡ್ ಬಂಧ ಬರುವುದರಿಂದ ಅಲ್ಲಿಯ ಪಿಕೆಎ ಇಳಿಯುತ್ತದೆ. ಎರಡು ಗ್ಲೈಸಿನ್ ಸೇರಿದ ಪುಟ್ಟ ಪೆಪ್ಟೈಡಿನಲ್ಲೇ ಈ ಬೆಲೆಗಳು ಸುಮಾರು 3.1 ಮತ್ತು 8.2ಕ್ಕೆ ಬಂದು ನಿಲ್ಲುತ್ತವೆ. ನಿಮ್ಮ ಪೆಪ್ಟೈಡಿಗೆ 3.1 ಮತ್ತು 8.0 ಎಂದು ಇಟ್ಟುಕೊಂಡರೆ ಸೊನ್ನೆಯ ಎರಡು ಬದಿಗಳಲ್ಲಿ 6.0 ಮತ್ತು 8.0 ಸಿಗುತ್ತವೆ, ಪಿಐ 7.0. ಒಂದೇ ವಿಧಾನ, ಒಂದೇ ಸರಣಿ, ಆದರೂ 0.85ರಷ್ಟು ವ್ಯತ್ಯಾಸ. ಆದ್ದರಿಂದ ಯಾವ ಕೋಷ್ಟಕ ಬಳಸಿದಿರಿ ಎಂದು ಹೇಳದ ಪಿಐಗೆ ನಾನು ಎರಡನೆಯ ದಶಮಾಂಶ ಸ್ಥಾನದ ಗೌರವ ಕೊಡುವುದಿಲ್ಲ.

ಎರಡೇ ಪಿಕೆಎಗಳ ಸರಾಸರಿ ತೆಗೆಯುವ ಈ ಅಡ್ಡದಾರಿಗೂ ಒಂದು ಮಿತಿ ಇದೆ. ನಿಮ್ಮ ಸರಣಿಯ ಹಿಸ್ಟಿಡಿನ್ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲವನ್ನು ಹಾಕಿ ನೋಡಿ. ಪಿಕೆಎಗಳು 3.1, 3.65, 4.25, 8.0, 10.53 ಆಗುತ್ತವೆ; ಆರಂಭದ ಚಾರ್ಜ್ +2 ಆಗಿರುವುದರಿಂದ ಸೊನ್ನೆ 3.65 ಮತ್ತು 4.25ರ ನಡುವೆ ಬಂದು, ಸರಾಸರಿ 3.95 ಸಿಗುತ್ತದೆ. ಆದರೆ 3.95ರಲ್ಲಿ ತುದಿಯ ಕಾರ್ಬಾಕ್ಸಿಲ್ ಇನ್ನೂ ಪೂರ್ತಿಯಾಗಿ ಪ್ರೋಟಾನ್ ಬಿಟ್ಟಿರುವುದಿಲ್ಲ. ನೂರರಲ್ಲಿ 88 ಅಣುಗಳು ಮಾತ್ರ ಬಿಟ್ಟಿರುತ್ತವೆ. ಹೀಗಾಗಿ ಒಟ್ಟು ಚಾರ್ಜ್ ಅಲ್ಲಿ ಸೊನ್ನೆಯಲ್ಲ, +0.12. ನಿಜವಾದ ಸೊನ್ನೆ ಬರುವುದು 4.05ರಲ್ಲಿ. ಪಿಕೆಎಗಳು ಹೀಗೆ ಒತ್ತೊತ್ತಾಗಿ ಕುಳಿತಾಗ ಪೂರ್ಣ ಲೆಕ್ಕವೇ ಬೇಕು.

ಪೂರ್ಣ ಲೆಕ್ಕವೂ ಕಷ್ಟದ್ದಲ್ಲ. ಪ್ರತಿಯೊಂದು ಧನ ಗುಂಪಿನ ಚಾರ್ಜ್ 1 ÷ (1 + 10^(ಪಿಎಚ್ − ಪಿಕೆಎ)). ಪ್ರತಿಯೊಂದು ಋಣ ಗುಂಪಿನದು −1 ÷ (1 + 10^(ಪಿಕೆಎ − ಪಿಎಚ್)). ಹೆಂಡರ್ಸನ್–ಹ್ಯಾಸೆಲ್‌ಬಾಕ್ ಸಮೀಕರಣದಿಂದಲೇ ಇವು ಬರುತ್ತವೆ. ಎಲ್ಲವನ್ನೂ ಕೂಡಿಸಿದರೆ ಆ ಪಿಎಚ್‌ನಲ್ಲಿರುವ ಒಟ್ಟು ಚಾರ್ಜ್ ಸಿಗುತ್ತದೆ. ಪಿಎಚ್ ಏರಿದಂತೆ ಈ ಮೊತ್ತ ಇಳಿಯುತ್ತದೆಯೇ ಹೊರತು ಎಂದೂ ಏರುವುದಿಲ್ಲವಾದ್ದರಿಂದ ಸೊನ್ನೆ ಒಂದೇ ಕಡೆ ಇರುತ್ತದೆ. 0ಯಿಂದ 14ರವರೆಗಿನ ಹರವಿನ ನಡುವೆ, 7ರಲ್ಲಿ, ಲೆಕ್ಕ ಹಾಕಿ; ಮೊತ್ತ ಧನವಾದರೆ ಮೇಲಿನ ಅರ್ಧವನ್ನು, ಋಣವಾದರೆ ಕೆಳಗಿನ ಅರ್ಧವನ್ನು ಉಳಿಸಿಕೊಂಡು ಮತ್ತೆ ಅದರ ನಡುವನ್ನು ಹಿಡಿಯಿರಿ. ಹನ್ನೊಂದು ಸಲ ಹೀಗೆ ಮಾಡಿದರೆ ಹರವು 0.01ಕ್ಕಿಂತ ಕಿರಿದಾಗುತ್ತದೆ. ಎಕ್ಸೆಲ್ ಹಾಳೆಯಲ್ಲಿ ಇದು ಹತ್ತು ನಿಮಿಷದ ಕೆಲಸ, ಮತ್ತು ಒಮ್ಮೆ ಕೈಯಾರೆ ಮಾಡಿದವರಿಗೆ ಕ್ಯಾಲ್ಕುಲೇಟರ್ ಏನು ಮಾಡುತ್ತದೆ ಎಂಬ ಅನುಮಾನ ಉಳಿಯುವುದಿಲ್ಲ.

ಯಾವುದನ್ನು ಎಣಿಸಬಾರದು ಎಂಬುದರಲ್ಲೂ ಎಡವುವವರಿದ್ದಾರೆ. ಅಮೈನೋ ಆಮ್ಲಗಳ ಒಂದಕ್ಷರದ ಸಂಕೇತದಲ್ಲಿ ‘ಡಿ’ (ಆಸ್ಪಾರ್ಟಿಕ್) ಮತ್ತು ‘ಇ’ (ಗ್ಲುಟಾಮಿಕ್) ಆಮ್ಲಗಳು; ‘ಎನ್’ ಮತ್ತು ‘ಕ್ಯೂ’ ಅವುಗಳ ಅಮೈಡ್‌ಗಳು, ಅವುಗಳಿಗೆ ಚಾರ್ಜ್ ಇಲ್ಲ. ಸಿಸ್ಟೀನ್ ಮತ್ತು ಟೈರೋಸಿನ್ ಪ್ರೋಟಾನ್ ಬಿಟ್ಟಾಗ ಋಣವಾಗುತ್ತವೆ, ಧನವಲ್ಲ. ಇನ್ನೊಂದು ಸಿಸ್ಟೀನಿನೊಂದಿಗೆ ಡೈಸಲ್ಫೈಡ್ ಬಂಧದಲ್ಲಿರುವ ಸಿಸ್ಟೀನನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ತಯಾರಕರು ಆರಂಭದ ತುದಿಯನ್ನು ಅಸಿಟೈಲ್‌ನಿಂದ ಅಥವಾ ಕೊನೆಯ ತುದಿಯನ್ನು ಅಮೈಡ್‌ನಿಂದ ಮುಚ್ಚಿದ್ದರೆ ಆ ತುದಿಯನ್ನೂ ಕೈಬಿಡಬೇಕು.

ಈ ಪೆಪ್ಟೈಡನ್ನು ಪಿಎಚ್ 7ರ ಬಫರಿನಲ್ಲಿ (ಪಿಎಚ್ ಅಷ್ಟಾಗಿ ಬದಲಾಗದ ದ್ರಾವಣದಲ್ಲಿ) ಕರಗಿಸಬಹುದೇ ಎಂದೂ ಕೇಳಿದ್ದೀರಿ. ಪಿಐಯಲ್ಲಿ ಅಣುಗಳ ನಡುವಿನ ವಿಕರ್ಷಣೆ ಕನಿಷ್ಠವಾಗಿ ಕರಗುವಿಕೆಯೂ ತಗ್ಗುತ್ತದೆ; ಹಾಲಿಗೆ ನಿಂಬೆರಸ ಹಿಂಡಿದಾಗ ಪಿಎಚ್ 4.6ರ ಹತ್ತಿರ ಕೇಸೀನ್ ಒಡೆದು ಬೇರೆಯಾಗುವುದು ಇದೇ ಕಾರಣಕ್ಕೆ. ಐದೇ ಕೊಂಡಿಗಳ, ನೀರಿಗೆ ಒಲಿಯುವ ನಿಮ್ಮ ಪೆಪ್ಟೈಡ್ 7ರಲ್ಲೂ ಕರಗುವ ಸಂಭವ ಹೆಚ್ಚು. ಕರಗದಿದ್ದರೆ ಪಿಎಚ್ 5ರ ಅಸಿಟೇಟ್ ಬಫರಿಗೆ ಹೋಗಿ. ಅಲ್ಲಿ ಅದರ ಚಾರ್ಜ್ ಸುಮಾರು +1 ಇರುತ್ತದೆ. ಪರೀಕ್ಷೆಯಲ್ಲಿ ಮಾತ್ರ, ಪ್ರಶ್ನೆಯ ಜೊತೆಗೆ ಪುಸ್ತಕದ ಕೋಷ್ಟಕವನ್ನೇ ಕೊಟ್ಟಿದ್ದರೆ, 7.85 ಎಂದೇ ಬರೆಯಿರಿ.