ಓದುಗರ ಪ್ರಶ್ನೆ: ಮನೆಮಂದಿಗೆಲ್ಲ ಒಂದೇ ಮೆಟಲ್ ಡಿಟೆಕ್ಟರ್ ಸಾಕೇ?

ಪ್ರಶ್ನೆ: ನಮ್ಮ ಮಕ್ಕಳಿಗೆ 8 ಮತ್ತು 13 ವರ್ಷ. ನಾಲ್ವರೂ ಸೇರಿ ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ವಸ್ತುಗಳನ್ನು ಹುಡುಕುವ ಹವ್ಯಾಸವನ್ನು ಬೆಳೆಸಿಕೊಳ್ಳಬೇಕೆಂದಿದ್ದೇವೆ. ಒಬ್ಬೊಬ್ಬರಿಗೂ ಒಂದೊಂದು ಯಂತ್ರ ಕೊಳ್ಳಬೇಕೇ? ಆರಂಭದಲ್ಲಿ ಯಾವುದಕ್ಕೆ ಗಮನ ಕೊಡಬೇಕು?

ಉತ್ತರ: ಮೊದಲಿಗೆ ಒಂದೇ ಸಾಕು. ಖರ್ಚಿನ ಮಾತು ಹಾಗಿರಲಿ, ಒಂದೇ ಆವರ್ತನದ ಎರಡು ಯಂತ್ರಗಳನ್ನು ಹತ್ತಿರ ಹತ್ತಿರ ಆಡಿಸಿದರೆ ಒಂದರ ಸಂಕೇತವನ್ನು ಇನ್ನೊಂದು ಹಿಡಿದು, ನೆಲದಲ್ಲಿ ಏನೂ ಇಲ್ಲದಿದ್ದರೂ ಸದ್ದು ಮಾಡತೊಡಗುತ್ತದೆ. ಅಲ್ಲದೆ ಯಂತ್ರ ಹಿಡಿಯುವುದು ಈ ಹವ್ಯಾಸದ ಒಂದು ಪಾಲು ಮಾತ್ರ; ಗುರುತು ಹಾಕುವುದು, ಅಗೆಯುವುದು, ಮಣ್ಣನ್ನು ಕೈಯಲ್ಲಿ ಪುಡಿ ಮಾಡಿ ನೋಡುವುದು, ಸಿಕ್ಕಿದ್ದನ್ನು ಸ್ಥಳ ಮತ್ತು ಆಳದ ಸಮೇತ ಬರೆದಿಡುವುದು, ಇವೆಲ್ಲ ಉಳಿದವರಿಗೆ ಕೈತುಂಬ ಕೆಲಸ ಕೊಡುತ್ತವೆ. ಚಿಕ್ಕ ಮಗುವೂ ಹಿಡಿಯುವಂತಿರಬೇಕಾದರೆ ಕೋಲಿನ ಉದ್ದವನ್ನು ಕುಗ್ಗಿಸಬಹುದಾದ, ಹಗುರವಾದ ಯಂತ್ರವನ್ನೇ ಆರಿಸಿಕೊಳ್ಳಿ.

ಯಂತ್ರದ ತುದಿಯಲ್ಲಿರುವ ಕಾಯಿಲ್, ಎಂದರೆ ತಂತಿಯ ಸುರುಳಿ, ಸತತವಾಗಿ ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಅದಕ್ಕೆ ಸಿಕ್ಕಿದ ಲೋಹದೊಳಗೆ ಸುಳಿಯಾಗಿ ಸುತ್ತುವ ವಿದ್ಯುತ್ತು ಹುಟ್ಟಿ, ಅದರಿಂದ ಮರಳಿ ಬರುವ ಕ್ಷೀಣ ಕ್ಷೇತ್ರವನ್ನು ಯಂತ್ರವು ಸದ್ದಾಗಿ, ಪರದೆಯ ಮೇಲೆ ಅಂಕಿಯಾಗಿ ತೋರಿಸುತ್ತದೆ. ಸಾಮಾನ್ಯ ಯಂತ್ರಗಳು ನಾಣ್ಯದಷ್ಟು ಚಿಕ್ಕ ವಸ್ತುವನ್ನು 15ರಿಂದ 20 ಸೆಂಟಿಮೀಟರ್ ಆಳದವರೆಗೆ ಗುರುತಿಸಬಲ್ಲವು. ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಅಷ್ಟೂ ಸಾಧ್ಯವಾಗದು. ಲೋಹ ಯಾವುದಿರಬಹುದೆಂದು ಸೂಚಿಸುವ ಪರದೆಯ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಅಲ್ಯೂಮಿನಿಯಂ ಹಾಳೆಯ ಚೂರೂ ಸಣ್ಣ ಚಿನ್ನದ ಉಂಗುರವೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುವುದರಿಂದ, ಕಸವನ್ನು ಅಗೆಯಲು ಬೇಸರಪಡುವವರಿಗೆ ಉಂಗುರವೂ ಸಿಗುವುದಿಲ್ಲ. ಮೊಳೆ, ಬಾಟಲಿ ಮುಚ್ಚಳ, ತಂತಿಯ ತುಂಡುಗಳೇ ಬಹುಪಾಲು ಸಿಗುತ್ತವೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿ. ಮನೆಯ ಅಂಗಳದಲ್ಲಿ ನಾಣ್ಯ, ಮೊಳೆ, ಹಾಳೆಯ ಚೂರುಗಳನ್ನು ಬೇರೆ ಬೇರೆ ಆಳದಲ್ಲಿ ಹೂತಿಟ್ಟು ಅವುಗಳ ಸದ್ದನ್ನು ಕಿವಿಗೆ ರೂಢಿ ಮಾಡಿಸುವುದು ಒಳ್ಳೆಯ ಪಾಠ.

ಉಕ್ಕಿನ ತುದಿಯ ಬೂಟು, ಕೈಯಲ್ಲಿನ ಸನಿಕೆಗಳು ಕಾಯಿಲ್‌ನಿಂದ ದೂರವಿರಲಿ; ಅವುಗಳ ಲೋಹವೂ ಯಂತ್ರದ ದಾರಿ ತಪ್ಪಿಸುತ್ತದೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದೊಳಗಿನ ಗುಂಡನ್ನು ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಇಂಥದೇ ತತ್ತ್ವದ ಸಾಧನದಿಂದ ಹುಡುಕಿ ವಿಫಲರಾದಾಗ, ಹಾಸಿಗೆಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳೂ ಅದಕ್ಕೆ ಒಂದು ಕಾರಣವೆಂದು ಹೇಳಲಾಯಿತು.

ಅಗೆತದಲ್ಲಿ ಮಾತ್ರ ಶಿಸ್ತು ಸಡಿಲವಾಗಬಾರದು. ಹುಲ್ಲನ್ನು ಮೂರು ಬದಿ ಕತ್ತರಿಸಿ, ನಾಲ್ಕನೆಯ ಬದಿಯನ್ನು ಬೇರಿನೊಂದಿಗೆ ಹಾಗೇ ಉಳಿಸಿಕೊಂಡು ಪುಸ್ತಕದ ರಟ್ಟಿನಂತೆ ಮಗುಚಿ, ತೆಗೆದ ಮಣ್ಣನ್ನು ಪಕ್ಕದಲ್ಲಿ ಹಾಸಿದ ಬಟ್ಟೆಯ ಮೇಲೆ ಹಾಕಿಕೊಳ್ಳಬೇಕು. ಕೆಲಸ ಮುಗಿದೊಡನೆ ಮಣ್ಣನ್ನೆಲ್ಲ ಗುಂಡಿಗೆ ಸುರಿದು, ಹುಲ್ಲನ್ನು ಮುಚ್ಚಿ, ಕಾಲಿನಿಂದ ಒತ್ತಬೇಕು. ಸಿಕ್ಕಿದ ಕಸವನ್ನು ಚೀಲದಲ್ಲಿ ಹೊತ್ತು ತರಬೇಕೇ ಹೊರತು ಮತ್ತೆ ಹೂಳಬಾರದು.

ಜಮೀನಿನ ಒಡೆಯರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಅಗೆಯಬೇಡಿ. ಸಂರಕ್ಷಿತ ಸ್ಮಾರಕಗಳ ಸನಿಹಕ್ಕಂತೂ ಯಂತ್ರವನ್ನು ಒಯ್ಯಲೇಬೇಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ 1878ರ ನಿಧಿ ಕಾಯ್ದೆಯಂತೆ ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು. ಇಂಗ್ಲೆಂಡಿನಲ್ಲಿ 1996ರ ಕಾಯ್ದೆ ಅದಕ್ಕೆ 14 ದಿನಗಳ ಗಡುವು ವಿಧಿಸುತ್ತದೆ. ಮದ್ದುಗುಂಡಿನಂತೆ ಕಾಣುವ ವಸ್ತು ಸಿಕ್ಕರೆ ಮುಟ್ಟದೆ, ಮಕ್ಕಳನ್ನು ದೂರ ಕರೆದೊಯ್ದು ಪೊಲೀಸರಿಗೆ ತಿಳಿಸಿ.

ಪ್ರಶ್ನೆ: ಸಿಕ್ಕಿದ ಹಳೆಯ ನಾಣ್ಯವನ್ನು ಹುಳಿ ಹಚ್ಚಿ ತಿಕ್ಕಿ ಹೊಳೆಯಿಸಬಹುದೇ?

ಉತ್ತರ: ಖಂಡಿತ ಬೇಡ. ತಾಮ್ರದ ನಾಣ್ಯದ ಮೇಲಿನ ಹಸಿರು ಅಥವಾ ಕಂದು ಪದರದಲ್ಲಿಯೇ ಹಲವು ಬಾರಿ ಅಕ್ಷರಗಳೂ ಅಚ್ಚೂ ಉಳಿದಿರುತ್ತವೆ. ಹುಳಿ ಆ ಪದರವನ್ನು ತಿಂದುಹಾಕುತ್ತದೆ, ತಿಕ್ಕಿದರೆ ಗೀರು ಬೀಳುತ್ತದೆ. ಸ್ಥಳದಲ್ಲಿಯೇ ಬೆರಳಿನಿಂದ ಉಜ್ಜಿ ಇಸವಿ ಓದಲು ಹೋಗುವುದೂ ಹಾನಿಕರವೇ. ಮಣ್ಣು ತಾನಾಗಿ ಉದುರುವಷ್ಟು ಉದುರಲಿ. ಉಳಿದದ್ದನ್ನು ಹಾಗೆಯೇ ಬಿಟ್ಟು, ಒಣಗಿಸಿ, ಕಾಗದದ ಲಕೋಟೆಯಲ್ಲಿಟ್ಟು, ದಿನಾಂಕ ಮತ್ತು ಸ್ಥಳವನ್ನು ಬರೆದು ನಾಣ್ಯ ಬಲ್ಲವರಿಗೆ ತೋರಿಸಿ.