ಓದುಗರ ಪ್ರಶ್ನೆ: ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯವಷ್ಟೇ ಇದೆಯೆ?

ಪ್ರಶ್ನೆ: ನನ್ನ ಮಗಳು ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಬೇಕೆಂದಿದ್ದಾಳೆ. ಅಲ್ಲಿ ಕನ್ನಡ ಸಾಹಿತ್ಯವನ್ನು ಮಾತ್ರ ಓದಿಸುತ್ತಾರೆ ಎಂದು ಕೆಲವರು ಹೇಳುತ್ತಾರೆ. ಬಳ್ಳಾರಿಯ ವಿಶ್ವವಿದ್ಯಾಲಯವೂ ಇದೂ ಒಂದೆಯೆ? ದಯವಿಟ್ಟು ತಿಳಿಸಿ.
– ಓದುಗರೊಬ್ಬರು, ಕೊಪ್ಪಳ

ಉತ್ತರ: ಎರಡೂ ಬೇರೆ ಬೇರೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರಲ್ಲಿ ಆರಂಭವಾದದ್ದು. ಸುತ್ತಲಿನ ಪದವಿ ಕಾಲೇಜುಗಳಿಗೆ ಸಂಯೋಜನೆ ನೀಡಿ ಪರೀಕ್ಷೆ ನಡೆಸುವ ಹೊಣೆ ಅದರದು. ಕನ್ನಡ ವಿಶ್ವವಿದ್ಯಾಲಯವನ್ನು ರಾಜ್ಯ ಸರ್ಕಾರ 1991ರಲ್ಲಿ ಪ್ರತ್ಯೇಕ ಅಧಿನಿಯಮದ ಮೂಲಕ ಸ್ಥಾಪಿಸಿದ್ದು ಕನ್ನಡ ನಾಡು, ನುಡಿ, ಜನಜೀವನಗಳ ಸಂಶೋಧನೆಗಾಗಿ. ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿಸಿ ಫಲಿತಾಂಶ ಹೊರಡಿಸುವುದರಲ್ಲೇ ವರ್ಷ ಕಳೆಯುವ ಪಾಡು ಈ ಸಂಸ್ಥೆಗೆ ಬಾರದಿರಲು ಅದೇ ಕಾರಣ.

ಮೊದಲ ಕುಲಪತಿ ಡಾ. ಚಂದ್ರಶೇಖರ ಕಂಬಾರರು. ಹೊಸಪೇಟೆಯಿಂದ ಕಮಲಾಪುರದತ್ತ ಹೋಗುವಾಗ ಸಿಗುವ ‘ವಿದ್ಯಾರಣ್ಯ’ ಆವರಣ ರೂಪುಗೊಂಡದ್ದೂ ಆ ಆರಂಭದ ವರ್ಷಗಳ ದುಡಿಮೆಯಿಂದಲೇ. ಮುಂದೆ ಡಾ. ಎಂ.ಎಂ. ಕಲಬುರ್ಗಿಯವರೂ ಇಲ್ಲಿ ಕುಲಪತಿಗಳಾಗಿದ್ದರು. 1995ರಿಂದ ನೀಡಲಾಗುತ್ತಿರುವ ‘ನಾಡೋಜ’ ಗೌರವ ಪದವಿಯಿಂದಾಗಿ ವಿಶ್ವವಿದ್ಯಾಲಯದ ಹೆಸರು ಪತ್ರಿಕೆಗಳಲ್ಲಿ ಆಗಾಗ ಕಾಣಿಸುತ್ತದೆಯಾದರೂ, ಅದರ ನಿಜವಾದ ಗಳಿಕೆಯನ್ನು ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಪುಸ್ತಕಗಳಲ್ಲಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಸಾವಿರಕ್ಕೂ ಹೆಚ್ಚು ಶೀರ್ಷಿಕೆಗಳನ್ನು ಅದು ಹೊರತಂದಿದೆ. ಮಲೆ ಮಾದೇಶ್ವರ, ಮಂಟೇಸ್ವಾಮಿ, ಜುಂಜಪ್ಪ ಮೊದಲಾದ ಮೌಖಿಕ ಕಾವ್ಯಗಳನ್ನು ಹಾಡುಗಾರರ ಬಾಯಿಂದಲೇ ಕೇಳಿ, ಬರೆದುಕೊಂಡು, ಸಂಪಾದಿಸಿ ಅಚ್ಚಿಗೆ ತಂದ ಕೆಲಸ ಅವುಗಳಲ್ಲಿ ಮುಖ್ಯವಾದುದು. ಒಬ್ಬ ವಿದ್ವಾಂಸ ತನ್ನ ಬಿಡುವಿನಲ್ಲಿ ಮಾಡಿ ಮುಗಿಸಬಹುದಾದ ಕೆಲಸವಲ್ಲ ಅದು. ಜಿಲ್ಲಾವಾರು ಶಾಸನ ಸಂಪುಟಗಳಂತೂ ಇತಿಹಾಸದ ವಿದ್ಯಾರ್ಥಿನಿಗೆ ನೇರವಾಗಿ ಒದಗುವ ಆಕರಗಳು.

ಸಾಹಿತ್ಯವಷ್ಟೇ ಎಂಬ ಮಾತು ಸರಿಯಲ್ಲ. ಭಾಷೆ, ಸಮಾಜ ವಿಜ್ಞಾನ, ಲಲಿತಕಲೆಗಳ ನಿಕಾಯಗಳ ಅಡಿಯಲ್ಲಿ ಚರಿತ್ರೆ, ಪುರಾತತ್ವ, ಹಸ್ತಪ್ರತಿಶಾಸ್ತ್ರ, ಜಾನಪದ, ಬುಡಕಟ್ಟು ಅಧ್ಯಯನ, ಮಹಿಳಾ ಅಧ್ಯಯನ, ಅಭಿವೃದ್ಧಿ ಅಧ್ಯಯನ, ಭಾಷಾಂತರ, ಸಂಗೀತ, ದೃಶ್ಯಕಲೆ ಮುಂತಾದ ವಿಭಾಗಗಳಿವೆ. ಯಾವ ವಿಷಯವಾದರೂ ಪ್ರಬಂಧವನ್ನು ಕನ್ನಡದಲ್ಲಿಯೇ ಬರೆಯಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಎಂ.ಎ. ಓದಿದವರಿಗೆ ಪರಿಭಾಷೆಯ ತೊಡಕು ಕೆಲವು ತಿಂಗಳು ಕಾಡಬಹುದು. ಕುಪ್ಪಳಿಯಲ್ಲಿ ಕುವೆಂಪು ಅಧ್ಯಯನ ಕೇಂದ್ರವಿದೆ; ಪ್ರಬಂಧ ಬರೆದು, ಪಿಎಚ್.ಡಿ.ಗಿಂತ ಮೇಲಿನ ಡಿ.ಲಿಟ್. ಪದವಿ ಪಡೆಯುವ ಅವಕಾಶವೂ ಉಂಟು.

ಪ್ರವೇಶದ ಬಗ್ಗೆ: ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯ ಪ್ರಕಾರ ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರ ಹಿಂದುಳಿದ ವರ್ಗ ಹಾಗೂ ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 5ರಷ್ಟು ರಿಯಾಯಿತಿ ನೀಡಬಹುದು. ಎಂ.ಫಿಲ್. ಅನ್ನು ಅದೇ ನಿಯಮಾವಳಿ ಕೈಬಿಟ್ಟಿರುವುದರಿಂದ ಆ ದಾರಿಯನ್ನು ಯೋಚಿಸಬೇಕಿಲ್ಲ. ನಿಮ್ಮ ಮಗಳು ಅರ್ಜಿ ಹಾಕುವ ಮೊದಲೇ ಚರಿತ್ರೆ ವಿಭಾಗದ ಅಧ್ಯಾಪಕರ ಬರಹಗಳನ್ನು ಓದಿ, ತನ್ನ ವಿಷಯಕ್ಕೆ ಹತ್ತಿರವಿರುವ ಮಾರ್ಗದರ್ಶಕರು ಯಾರು, ಅವರ ಬಳಿ ಸ್ಥಾನ ತೆರವಿದೆಯೇ ಎಂದು ವಿಚಾರಿಸಿಕೊಳ್ಳಲಿ. ವಿಷಯ ಶಾಸನಗಳದ್ದಾದರೆ ಹಳಗನ್ನಡ ಮತ್ತು ಹಳೆಯ ಲಿಪಿಗಳ ಅಭ್ಯಾಸವನ್ನು ಈಗಲೇ ಆರಂಭಿಸುವುದು ಒಳ್ಳೆಯದು.