ಅಲ್ಯೂಮಿನಿಯಮ್ಮೋ ಬೀಡು ಕಬ್ಬಿಣವೋ ಎನ್ನುವ ಮೊದಲು ಮೂರನೇ ಮೇನ್ ಬೋರ್ ಅಳೆಯಿರಿ

ಡ್ರ್ಯಾಗ್ ಓಟದ ಕಾರು, ಮೇನ್ ವೆಬ್‌ನಲ್ಲಿ (ಕ್ರ್ಯಾಂಕ್‌ಶಾಫ್ಟನ್ನು ಹೊರುವ ಒಳಗೋಡೆಯಲ್ಲಿ) ಬಿರುಕು ಬಿಟ್ಟ 350 ಘನ ಅಂಗುಲದ ಎಂಜಿನ್ ಬ್ಲಾಕ್, ಆಗಲೇ ಕೊಂಡಿಟ್ಟಿರುವ 3.750 ಅಂಗುಲ ಸ್ಟ್ರೋಕ್‌ನ (ಪಿಸ್ಟನ್ ಚಲಿಸುವ ದೂರದ) ಕ್ರ್ಯಾಂಕ್‌ಶಾಫ್ಟ್, 800 ಅಶ್ವಶಕ್ತಿಯ ಗುರಿ, ಅಲ್ಯೂಮಿನಿಯಂ ಬ್ಲಾಕ್ ತರಲೋ ಬೀಡು ಕಬ್ಬಿಣದ್ದು ತರಲೋ ಎಂಬ ತೊಳಲಾಟ. ನಿಮ್ಮ ಪ್ರಶ್ನೆ ಓದುತ್ತಿದ್ದಾಗ ಆರು ವರ್ಷಗಳ ಹಿಂದಿನ ನನ್ನನ್ನೇ ಎದುರಿಗೆ ಕಂಡಂತಾಯಿತು.

ನನ್ನದೂ ಶೆವ್ರೊಲೆಯ V8 ಎಂಜಿನ್, ಸ್ಮಾಲ್ ಬ್ಲಾಕೇ. ಕಂಪನಿಯಿಂದಲೇ ನಾಲ್ಕು ಬೋಲ್ಟಿನ ಮೇನ್ ಕ್ಯಾಪ್‌ಗಳೊಂದಿಗೆ (ಕ್ರ್ಯಾಂಕನ್ನು ಕೆಳಗಿನಿಂದ ಹಿಡಿದಿಡುವ ಮುಚ್ಚಳಗಳೊಂದಿಗೆ) ಬಂದ ಬ್ಲಾಕ್ ಎಂಬ ಜಂಬವೂ ಜೊತೆಗಿತ್ತು. ಹೊರಗಿನ ಆ ಎರಡು ಬೋಲ್ಟ್‌ಗಳಿಗಾಗಿ ಕೊರೆದ ತೂತುಗಳೇ ವೆಬ್‌ನ ಮೈಯನ್ನು ತೆಳುವಾಗಿಸುತ್ತವೆ, ಹಾಗಾಗಿ ತಿಳಿದವರು ಎರಡು ಬೋಲ್ಟಿನ ಬ್ಲಾಕನ್ನೇ ಹುಡುಕಿ ತಂದು ಅದಕ್ಕೆ ಓರೆ ಬೋಲ್ಟಿನ ಉಕ್ಕಿನ ಕ್ಯಾಪ್ ಹಾಕಿಸುತ್ತಾರೆ ಎಂಬುದು ನನಗೆ ಗೊತ್ತಾಗಿದ್ದು ಬಿರುಕು ಕಂಡ ಮೇಲೆ. ಎರಡನೇ ಮೇನ್‌ನ ಹೊರಬೋಲ್ಟಿನ ತೂತಿನಿಂದ ಕೂದಲೆಳೆಯಂಥ ಗೆರೆಯೊಂದು ಹೊರಟಿತ್ತು. ಬಟ್ಟೆಯಲ್ಲಿ ಒರೆಸಿದರೆ ಮಾಯವಾಗುತ್ತಿತ್ತು, ನಿಮಿಷ ಬಿಟ್ಟು ನೋಡಿದರೆ ಆಯಿಲ್ ಜಿನುಗಿ ಮತ್ತೆ ಅದೇ ಜಾಗದಲ್ಲಿ ಮೂಡುತ್ತಿತ್ತು. ಮೂರು ಸಲ ಒರೆಸಿದೆ, ಗೀರು ಎಂದು ನಂಬಬೇಕೆಂಬ ಆಸೆ ಅಷ್ಟಿತ್ತು.

ಆಮೇಲೆ ಒಂದು ತಿಂಗಳು ನೀವು ಈಗ ಮಾಡುತ್ತಿರುವುದನ್ನೇ ಮಾಡಿದೆ. ಯಾವ ತಯಾರಕರದು, ಯಾವ ಲೋಹ, ಎಷ್ಟು ತೂಕ ಎಂದು ಪಟ್ಟಿಗಳನ್ನು ಹೋಲಿಸಿ, ಕೊನೆಗೆ ಬೀಡು ಕಬ್ಬಿಣದ, ಓರೆ ಬೋಲ್ಟಿನ ಉಕ್ಕಿನ ಕ್ಯಾಪ್‌ಗಳಿರುವ, ಮೊದಲು ಮೇನ್ ಬೇರಿಂಗ್‌ಗಳಿಗೂ ನಂತರ ವಾಲ್ವ್ ಎತ್ತುವ ಕ್ಯಾಮ್ ಮತ್ತು ಲಿಫ್ಟರ್‌ಗಳಿಗೂ ಆಯಿಲ್ ಹೋಗುವಂತೆ ದಾರಿ ಮಾಡಿರುವ ಒಳ್ಳೆಯ ಬ್ಲಾಕನ್ನೇ ತಂದೆ. ಆಯ್ಕೆಯಲ್ಲಿ ತಪ್ಪಿರಲಿಲ್ಲ. ಆದರೂ ಆ ಬ್ಲಾಕ್ ನಾಲ್ಕನೇ ಓಟ ಮುಗಿಸಲಿಲ್ಲ.

ಆಗಿದ್ದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಒಂದೇ ಸಾಲಿನಲ್ಲಿ ಹೇಳಿದವರ ಮಾತನ್ನು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಬ್ಲಾಕ್ ಬಂದಾಗ ಮೇನ್ ಬೋರ್‌ಗಳ (ಕ್ರ್ಯಾಂಕ್ ಕೂರುವ ರಂಧ್ರಗಳ) ಲೈನ್ ಹೋನಿಂಗ್, ಎಂದರೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ನುಣ್ಣಗೆ ಉಜ್ಜಿ ಅಳತೆಗೆ ತರುವ ಕೆಲಸ, ಮುಗಿದಿತ್ತು, ಕ್ಯಾಪ್‌ಗಳು ಬೋಲ್ಟ್‌ಗಳಿಂದ ಬಿಗಿದಿದ್ದವು. ನಾನು ಬೇರಿಂಗ್ ಕೂರಿಸಿ, ಅದೇ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿದು, ಡಯಲ್ ಬೋರ್ ಗೇಜ್‌ನಿಂದ ಐದೂ ಕಡೆ ಅಳೆದೆ. ಎಲ್ಲ ಕಡೆಯೂ ಎರಡೂವರೆ ಥೌ, ಎಂದರೆ ಅಂಗುಲದ ಸಾವಿರದಲ್ಲಿ ಎರಡೂವರೆ ಪಾಲು, ಬೇರಿಂಗ್‌ಗೂ ಕ್ರ್ಯಾಂಕ್‌ಗೂ ನಡುವೆ ಸಂದು ಇತ್ತು. 2.448 ಅಂಗುಲದ ಜರ್ನಲ್‌ಗೆ (ಬೇರಿಂಗ್‌ನೊಳಗೆ ತಿರುಗುವ ಕ್ರ್ಯಾಂಕ್ ಭಾಗಕ್ಕೆ) ಅದು ಸರಿಯಾದ ಲೆಕ್ಕ. ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಆ ವಾರವೇ ಯಾರೋ, ಇಷ್ಟು ಖರ್ಚು ಮಾಡಿ ಬೋಲ್ಟ್ ಏಕೆ, ಸ್ಟಡ್ ಹಾಕಬಾರದೇ ಎಂದರು. ಮಾತು ಸುಳ್ಳಲ್ಲ. ಬೋಲ್ಟ್ ಬಿಗಿಯುವಾಗ ಏಕಕಾಲಕ್ಕೆ ತಿರುಚಿಕೊಳ್ಳುತ್ತದೆ, ಹಿಗ್ಗುತ್ತದೆ. ಬ್ಲಾಕಿನೊಳಗೆ ಮೊದಲೇ ಕೂತಿರುವ ಸ್ಟಡ್ ಮೇಲಿನ ನಟ್ ಬಿಗಿದಾಗ ಹೆಚ್ಚೂಕಡಿಮೆ ನೇರವಾಗಿ ಹಿಗ್ಗುತ್ತದೆ, ಆದ್ದರಿಂದ ಕ್ಯಾಪನ್ನು ಹೆಚ್ಚು ಬಲವಾಗಿಯೂ ಸಮನಾಗಿಯೂ ಅದುಮಿ ಹಿಡಿಯುತ್ತದೆ. ನಾನು ಸ್ಟಡ್ ತರಿಸಿ, ಜೊತೆಗೆ ಬಂದ ಗ್ರೀಸ್ ಬಳಿದು, ಬಿಗಿದು, ಎಂಜಿನ್ ಮುಚ್ಚಿದೆ. ಮತ್ತೆ ಅಳೆಯಲಿಲ್ಲ.

ಹೆಚ್ಚು ಬಲವಾಗಿ ಅದುಮುತ್ತದೆ ಎಂಬ ಆ ಒಂದು ಗುಣವೇ ನನ್ನ ಬ್ಲಾಕನ್ನು ಕೆಡಿಸಿತು. ಮೇನ್ ಬೋರ್‌ನ ಅರ್ಧ ಬ್ಲಾಕ್‌ನಲ್ಲಿದೆ, ಇನ್ನರ್ಧ ಕ್ಯಾಪ್‌ನಲ್ಲಿದೆ. ಅವೆರಡನ್ನೂ ಒಂದು ನಿರ್ದಿಷ್ಟ ಒತ್ತಡದಲ್ಲಿ ಬಿಗಿದಿಟ್ಟು ಹೋನ್ ಮಾಡಿದಾಗ ಮೂಡುವ ವೃತ್ತ, ಆ ಒತ್ತಡ ಇರುವವರೆಗೆ ಮಾತ್ರ ವೃತ್ತ. ಒತ್ತಡ ಬದಲಾದರೆ ಉಕ್ಕಿನ ಕ್ಯಾಪ್ ಕೂಡ ಬಾಗುತ್ತದೆ, ಬೋರ್ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಗ್ರೀಸ್ ಬಳಿದ ಥ್ರೆಡ್‌ನಲ್ಲಿ ಘರ್ಷಣೆ ಕಡಿಮೆ, ಆದ್ದರಿಂದ ರೆಂಚ್‌ನ ಅಂಕಿ ಅದೇ ಇದ್ದರೂ ಹಿಡಿತ ಇನ್ನೂ ಹೆಚ್ಚು. ಇವೆಲ್ಲ ಸೇರಿ ಮೂರನೇ ಮೇನ್‌ನಲ್ಲಿ ಮೇಲೆ ಕೆಳಗಿನ ಸಂದು ಎರಡೂವರೆ ಥೌನಿಂದ ಒಂದು ಥೌ ಚಿಲ್ಲರೆಗೆ ಇಳಿದಿತ್ತು. ನೋಟ್‌ಬುಕ್ಕಿನಲ್ಲಿದ್ದ ಅಂಕಿಗಳು ಸರಿಯಾಗಿಯೇ ಇದ್ದವು, ಆದರೆ ಅವು ಆ ಹೊತ್ತಿಗೆ ಇಲ್ಲದೇ ಹೋಗಿದ್ದ ಬ್ಲಾಕ್‌ನವು.

ಮೊದಲ ಮೂರು ಓಟ ಸೊಗಸಾಗಿ ಹೋದವು. ನಾಲ್ಕನೆಯದರಲ್ಲಿ, ಕಾಲು ಮೈಲಿಯ ಕೊನೆಯ ಭಾಗದಲ್ಲಿ, 65 psiನಲ್ಲಿ ನಿಲ್ಲಬೇಕಿದ್ದ ಆಯಿಲ್ ಪ್ರೆಷರ್ ಮುಳ್ಳು 40ಕ್ಕೆ ಕುಸಿದಿದ್ದನ್ನು ಕಂಡು ಕಾಲು ತೆಗೆದೆ, ಆದರೆ ಹೊತ್ತು ಮೀರಿತ್ತು. ಫಿಲ್ಟರ್ ಸೀಳಿ ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿದಾಗ ಮೊದಲು ಬೂದುಬಣ್ಣದ ಪುಡಿ, ಅದರ ನಡುವೆ ಅಲ್ಲಲ್ಲಿ ತಾಮ್ರದ ಮಿಣುಕು. ಬೇರಿಂಗ್‌ನ ಮೇಲಿನ ಮೆದು ಲೇಪನ ಸವೆದು ಅಡಿಯ ತಾಮ್ರದ ಪದರವೇ ಎದ್ದಿತ್ತೆಂದು ಅರ್ಥ. ಬಿಚ್ಚಿ ನೋಡಿದರೆ ಮೂರನೇ ಬೇರಿಂಗ್ ತನ್ನ ಜಾಗ ಬಿಟ್ಟು ತಿರುಗಿತ್ತು, ಆಯಿಲ್ ತೂತು ಮುಚ್ಚಿಹೋಗಿತ್ತು. ಪಿಸ್ಟನ್‌ಗಳನ್ನು ಕ್ರ್ಯಾಂಕ್‌ಗೆ ಜೋಡಿಸುವ ರಾಡ್‌ಗಳ ಬೇರಿಂಗ್‌ಗಳಿಗೆ ಆಯಿಲ್ ಬರುವುದು ಮೇನ್‌ನಿಂದಲೇ, ಕ್ರ್ಯಾಂಕ್‌ನೊಳಗಿನ ರಂಧ್ರಗಳ ಮೂಲಕ. ಹಾಗಾಗಿ ಮೇನ್ ಸತ್ತರೆ ಅದರ ಹಿಂದೆಯೇ ರಾಡ್ ಕೂಡ ಸಾಯುತ್ತದೆ. ಕ್ರ್ಯಾಂಕ್ ನೀಲಿಗಟ್ಟಿತ್ತು, ಕ್ಯಾಪ್‌ನ ಒಳಮೈ ಗೀರಿಹೋಗಿತ್ತು.

ಆದ್ದರಿಂದ ನೇರವಾಗಿ ಹೇಳುತ್ತೇನೆ: ನಿಮ್ಮ ಪ್ರಶ್ನೆ ತಪ್ಪು ಜಾಗದಲ್ಲಿ ಶುರುವಾಗಿದೆ. 800 ಅಶ್ವಶಕ್ತಿಯನ್ನು ತಾಳುವ ಬ್ಲಾಕ್ ಒಂದಲ್ಲ, ಹಲವು ಸಿಗುತ್ತವೆ. ತಂದ ಬ್ಲಾಕನ್ನು ಅಳೆದು, ನೀವು ಬಳಸುವ ಸ್ಟಡ್‌ಗಳನ್ನೇ ಹಾಕಿ ಲೈನ್ ಹೋನ್ ಮಾಡಿ, ಸಿಲಿಂಡರ್ ತಲೆಯ ಜಾಗದಲ್ಲಿ ದಪ್ಪ ಟಾರ್ಕ್ ಪ್ಲೇಟ್ ಬಿಗಿದು ಬೋರ್‌ಗಳನ್ನು ಹೋನ್ ಮಾಡಿಕೊಡುವ ಯಂತ್ರಗೆಲಸದವರನ್ನು ಮೊದಲು ಹಿಡಿಯಿರಿ. ಅವರಿಗೆ ಕೊಡಬೇಕಾದ ಹಣವನ್ನು ತೆಗೆದಿಟ್ಟು, ಉಳಿದದ್ದರಲ್ಲಿ ಬ್ಲಾಕ್ ನೋಡಿ. ಹೊಸದು, ಪೆಟ್ಟಿಗೆಯಿಂದ ತೆಗೆದು ಜೋಡಿಸಬಹುದು ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ಡ್ರ್ಯಾಗ್ ಓಟದ ಅತಿ ವೇಗದ ವರ್ಗವಾದ ಟಾಪ್ ಫ್ಯೂಯೆಲ್‌ನವರೆಲ್ಲ ಅಲ್ಯೂಮಿನಿಯಂ ಬಳಸುತ್ತಾರಲ್ಲ ಎಂದು ಬರೆದಿದ್ದೀರಿ. ಬಳಸುತ್ತಾರೆ, ನಿಜ. ಆದರೆ ಅವರದು ಗಟ್ಟಿ ಅಲ್ಯೂಮಿನಿಯಂ ದಿಮ್ಮಿಯಿಂದ ಕಡೆದ ಬ್ಲಾಕ್, ಅದರಲ್ಲಿ ನೀರಿನ ದಾರಿಯೇ ಇಲ್ಲ. ಅವರು 2008ರಿಂದ ಓಡುವುದು 1000 ಅಡಿ, ಪ್ರತಿ ಓಟದ ನಂತರವೂ ಎಂಜಿನ್ ಬಿಚ್ಚಿ ಕಟ್ಟುತ್ತಾರೆ. ಅವರಿಗೆ ಸರಿಹೋಗುವುದು, ವಾರಕ್ಕೊಮ್ಮೆ ಬಾನೆಟ್ ತೆರೆಯುವ ನಮಗೂ ಸರಿಹೋಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಅಲ್ಯೂಮಿನಿಯಂ ಬ್ಲಾಕ್ ಕಬ್ಬಿಣದ್ದರ ಸುಮಾರು ಅರ್ಧ ತೂಗುತ್ತದೆ, ಒಡೆದರೆ ಬೆಸೆಯಬಹುದು, ಸಿಲಿಂಡರ್‌ನ ಒಳಕೊಳವೆಯಾದ ಲೈನರ್ ಬದಲಿಸಬಹುದು, ಈ ಗುಣಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಬಿಸಿಗೆ ಕಬ್ಬಿಣದ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಉಕ್ಕಿನ ಕ್ರ್ಯಾಂಕ್ ಅಷ್ಟು ಹಿಗ್ಗುವುದಿಲ್ಲ. ಹೀಗಾಗಿ ತಣ್ಣಗಿದ್ದಾಗ ಅಳೆದ ಮೇನ್ ಸಂದು ಬೇರೆ, ಓಡುವಾಗಿನದು ಬೇರೆ. ನೂರು ಪೌಂಡ್ ಇಳಿಸಿದರೆ ಕಾಲು ಮೈಲಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲು ಉಳಿಯುತ್ತದೆ ಎಂಬ ಓಟಗಾರರ ಲೆಕ್ಕವನ್ನೇ ಹಿಡಿದರೂ, ಅಳತೆಯಲ್ಲಿ ಇನ್ನೂ ಕೈ ಪಳಗದವರು ಆ ಹತ್ತನೇ ಪಾಲಿಗಾಗಿ ಈ ತಲೆನೋವು ತೆಗೆದುಕೊಳ್ಳಬಾರದು. ಕಬ್ಬಿಣದ್ದನ್ನೇ ತನ್ನಿ.

ಬೋರ್ ವಿಷಯದಲ್ಲಿ ದುರಾಸೆ ಬೇಡ. ನಿಮ್ಮ ಕ್ರ್ಯಾಂಕ್‌ಗೆ 4.125 ಅಂಗುಲ ಸಿಲಿಂಡರ್ ಬೋರ್ ಇಟ್ಟರೆ 401 ಘನ ಅಂಗುಲ ಬರುತ್ತದೆ. ಮೊದಲ ದಿನವೇ 4.185ಕ್ಕೆ ಕೊರೆಸಿದರೆ 413, ಎಂದರೆ ಸಿಗುವುದು ಬರೀ 12. ಸ್ಮಾಲ್ ಬ್ಲಾಕ್‌ನಲ್ಲಿ ಒಂದು ಬೋರ್‌ನ ನಡುವಿನಿಂದ ಇನ್ನೊಂದರ ನಡುವಿಗೆ 4.400 ಅಂಗುಲ, ಅದು ಹಿಗ್ಗುವುದಿಲ್ಲ. ಹಾಗಾಗಿ 4.185ರಲ್ಲಿ ಎರಡು ಬೋರ್‌ಗಳ ನಡುವೆ ಹೆಡ್ ಗ್ಯಾಸ್ಕೆಟ್ ಕೂರಲು ಉಳಿಯುವುದು 0.215 ಅಂಗುಲ ಮಾತ್ರ, 4.125ರಲ್ಲಿ 0.275. ನಾಳೆ ಒಂದು ಪಿಸ್ಟನ್ ಗೀರಿದರೆ ಮತ್ತೆ ಕೊರೆಯಲು ಲೋಹವೂ ಉಳಿದಿರಬೇಕಲ್ಲ. ಹೊಸ ಬ್ಲಾಕಾದರೂ ಎರಕದಲ್ಲಿ ಕೋರ್ (ಒಳಟೊಳ್ಳು ಮೂಡಿಸುವ ಅಚ್ಚು) ಸರಿದು ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿರಬಹುದು. ಆದ್ದರಿಂದ ಶಬ್ದತರಂಗದಿಂದ ಗೋಡೆಯ ದಪ್ಪ ಅಳೆಯುವ ಸೋನಿಕ್ ಪರೀಕ್ಷೆ ಮಾಡಿಸಿ, ಪಿಸ್ಟನ್ ಒತ್ತುವ ಬದಿಯಲ್ಲಿ 0.200 ಅಂಗುಲಕ್ಕಿಂತ ಕಡಿಮೆ ಇದ್ದರೆ ಒಪ್ಪಿಕೊಳ್ಳಬೇಡಿ.

ಆಯಿಲ್ ಪ್ಯಾನ್ ಕೂರುವ ಅಂಚನ್ನು ಅಗಲಿಸಿರುವ ಬ್ಲಾಕ್ ತಂದರೆ ಹಳೆಯ ಪ್ಯಾನ್ ಕೂರುವುದಿಲ್ಲ, ಕ್ಯಾಮ್ ಸುರಂಗವನ್ನು ಎತ್ತರಿಸಿದ್ದರೆ ಹಳೆಯ ಟೈಮಿಂಗ್ ಚೈನ್ ಸಾಲುವುದಿಲ್ಲ. ಇವನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಿ, ದೊಡ್ಡ ಸಂಗತಿಗಳಲ್ಲ.

ಕೊನೆಯದಾಗಿ, ನಿಮ್ಮ ಕ್ರ್ಯಾಂಕ್‌ನ ಬಗ್ಗೆ ಸ್ಟ್ರೋಕ್ ಒಂದನ್ನು ಬಿಟ್ಟು ಬೇರೇನೂ ಬರೆದಿಲ್ಲ. ಅದರ ಮೇನ್ ಜರ್ನಲ್ 350ರ 2.448 ಅಂಗುಲದ್ದೋ, 400 ಘನ ಅಂಗುಲದ ಸ್ಮಾಲ್ ಬ್ಲಾಕ್‌ನ 2.650 ಅಂಗುಲದ್ದೋ ಎಂದು ಮೈಕ್ರೋಮೀಟರ್ ಹಿಡಿದು ನೋಡಿ. ಕ್ರ್ಯಾಂಕ್‌ನ ಹಿಂತುದಿಯ ಆಯಿಲ್ ಸೀಲ್ 1986ಕ್ಕೆ ಮೊದಲಿನ ಎರಡು ತುಂಡಿನದೋ, ಆಮೇಲಿನ ಒಂದೇ ತುಂಡಿನದೋ ಎಂಬುದನ್ನೂ ನೋಡಿ. ಈ ಎರಡಕ್ಕೂ ಉತ್ತರ ಸಿಗುವವರೆಗೆ ಯಾವ ಬ್ಲಾಕ್‌ಗೂ ಮುಂಗಡ ಕೊಡಬೇಡಿ.